ಮೊದಲ ವರ್ಷದ ಹೂ ನಮ್ಮೂರಿನದಲ್ಲ

ಆರ್ಕಿಡ್ ಹೂವಿಗೆ ಬೆಂಗಳೂರಲ್ಲಿ ಒಳ್ಳೆ ರೇಟು, ನಾಲ್ಕು ಗುಂಟೆ ನೆರಳು ಪರದೆ ಇದ್ದರೆ ಸಾಕು, ಕೊಯ್ದ ಹೂ ವಾರಗಟ್ಟಲೆ ಬಾಡೋದಿಲ್ಲ. ಈ ಮಾತು ಈಗೀಗ ನಮ್ಮ ಮುಳಬಾಗಿಲು ಸೀಮೆಯಲ್ಲೂ ಓಡಾಡುತ್ತಿದೆ. ಹೂ ಬಹಳ ದಿನ ಬಾಳುವುದು ನಿಜ. ಆದರೆ ಗಿಡ ಮಾರುವವರು ಹೇಳದೆ ಬಿಡುವ ಮಾತೊಂದಿದೆ. ಅದು ರಾತ್ರಿಯ ತಣುಪಿನ ಮಾತು. ತಣುಪು ಬೇಡುವ ಆರ್ಕಿಡ್‌ಗಳನ್ನು ನಮ್ಮ ಬಯಲುಸೀಮೆಯ ಸಣ್ಣ ರೈತರು ಸಾಲ ಮಾಡಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಅನ್ನೋದನ್ನು ಬಿಡಿಸಿ ಹೇಳುತ್ತೇನೆ.

ಆರ್ಕಿಡ್ ಅಂದರೆ ಒಂದೇ ಗಿಡವಲ್ಲ. ರಾಗಿ, ಭತ್ತ ಎರಡೂ ಧಾನ್ಯವೇ, ಹಾಗಂತ ರಾಗಿ ಹೊಲದಲ್ಲಿ ಭತ್ತ ನಾಟಿ ಮಾಡ್ತೀವಾ? ಡೆಂಡ್ರೋಬಿಯಂನ ಸಂಕರ ತಳಿಗಳು ಸೆಕೆ ತಡೆಯುತ್ತವೆ, ಕೇರಳದಲ್ಲಿ ಮನೆಯಂಗಳದಲ್ಲೇ ಬೆಳೆಯುತ್ತಾರೆ. ದೊಡ್ಡ ಹೂವಿನ ಸಿಂಬಿಡಿಯಂ ಹಾಗಲ್ಲ. ಅದರ ಮೂಲ ಹಿಮಾಲಯದ ಕಡೆಯ ಬೆಟ್ಟಗಳು. ನಮ್ಮ ದೇಶದಲ್ಲಿ ಅದನ್ನು ಬೆಳೆಯಾಗಿ ಮಾಡಿರೋದು ಸಿಕ್ಕಿಂ, ಡಾರ್ಜಿಲಿಂಗ್, ಅರುಣಾಚಲದ ಕಡೆ. ಕೇಂದ್ರ ಸರ್ಕಾರ 1996ರಲ್ಲಿ ಆರ್ಕಿಡ್ ಸಂಶೋಧನಾ ಕೇಂದ್ರವನ್ನು ಸಿಕ್ಕಿಂನ ಪಾಕ್ಯಾಂಗ್‌ನಲ್ಲಿ ಶುರು ಮಾಡಿದ್ದು ಸುಮ್ಮನೆ ಅಲ್ಲ.

ಸೇವಂತಿಗೆ ಬೆಳೆಯುವವರಿಗೆ ಒಂದು ವಿಷಯ ಗೊತ್ತಿದೆ. ರಾತ್ರಿ ಉದ್ದವಾಗದೆ ಅದು ಮೊಗ್ಗು ಕಟ್ಟೋದಿಲ್ಲ. ಎಷ್ಟು ಗೊಬ್ಬರ ಸುರಿದರೂ ಅಷ್ಟೆ. ಸೇವಂತಿಗೆಗೆ ಕತ್ತಲು ಹೇಗೋ ಸಿಂಬಿಡಿಯಂಗೆ ತಣುಪು ಹಾಗೆ. ಹಗಲಿಗೂ ರಾತ್ರಿಗೂ ಸುಮಾರು 10 ಡಿಗ್ರಿ ವ್ಯತ್ಯಾಸ ಇರಬೇಕು, ರಾತ್ರಿ 10ರಿಂದ 15 ಡಿಗ್ರಿಗೆ ಇಳಿಯಬೇಕು. ಬೇಸಿಗೆ ಕಳೆದು ಮಳೆಗಾಲ ಮುಗಿಯುವುದರೊಳಗೆ ಇಂಥ ರಾತ್ರಿಗಳು ವಾರಗಟ್ಟಲೆ ಸಿಕ್ಕರೆ ಹೂದಂಡು ಹುಟ್ಟುತ್ತದೆ. ಆಮೇಲೆ ಚಳಿಗಾಲ ಪೂರ್ತಿ ಮೊಗ್ಗು ನಿಧಾನವಾಗಿ ಬಲಿತು ಅರಳಬೇಕು.

ಈಗ ನಮ್ಮ ಪಂಚಾಂಗ ನೋಡಿ. ಆಷಾಢ, ಶ್ರಾವಣದಲ್ಲಿ ನಮ್ಮ ಕಡೆ ರಾತ್ರಿ 20 ಡಿಗ್ರಿ ಆಸುಪಾಸು ಇರುತ್ತದೆ. ದಂಡು ಹುಟ್ಟಬೇಕಾದ ಹೊತ್ತಿಗೆ ತಣುಪು ಸಾಲದು. ಚಳಿ ಬರೋದು ಧನುರ್ಮಾಸಕ್ಕೆ. ಆಗ ಎಲ್ಲೋ ಒಂದೆರಡು ಗಿಡ ತಡವಾಗಿ ದಂಡು ತೆಗೆದರೂ ಮೊಗ್ಗು ದಪ್ಪವಾಗುವಷ್ಟರಲ್ಲಿ ಶಿವರಾತ್ರಿ ಬಂದು ಬಿಸಿಲು ಏರುತ್ತದೆ. ಮೊಗ್ಗು ಹಳದಿ ತಿರುಗಿ ಒಂದೊಂದೇ ಉದುರುತ್ತದೆ. ಆವನಿ ಬೆಟ್ಟದ ಮೇಲೆ ಸೀತಮ್ಮನ ಗುಡಿ ಹತ್ತಿರ ಗಾಳಿ ತಣ್ಣಗಿರಬಹುದು. ನಮ್ಮ ಹೊಲ ಇರೋದು ಕೆಳಗೆ.

ಹಾಗಾದರೆ ತಂದ ಗಿಡ ಚೆನ್ನಾಗಿ ಅರಳಿತಲ್ಲ ಅಂತ ಕೇಳುತ್ತಾರೆ. ಮೋಸ ಹೋಗೋದು ಇಲ್ಲೇ. ಮಾರಾಟಕ್ಕೆ ಬರುವ ಗಿಡದಲ್ಲಿ ಹೂದಂಡು ಆಗಲೇ ಇರುತ್ತದೆ. ಅದು ಯಾವುದೋ ಬೆಟ್ಟದ ತಣುಪಿನಲ್ಲೋ ತಂಪು ಮಾಡಿದ ಪಾಲಿಹೌಸಿನಲ್ಲೋ ಹುಟ್ಟಿದ ದಂಡು. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದವರು ಒಂದು ಕುಂಡ ತಂದು ಜಗಲಿ ಮೇಲಿಟ್ಟರೆ ಅದು ಅರಳುತ್ತದೆ, ನೆಂಟರೆಲ್ಲ ನೋಡಿ ಹೊಗಳುತ್ತಾರೆ. ಆದರೆ ಆ ಹೂವಿನಲ್ಲಿ ನಮ್ಮೂರಿನ ಪಾಲು ಏನೂ ಇಲ್ಲ. ನಮ್ಮ ನೆಲ, ನಮ್ಮ ಗಾಳಿಯ ಪರೀಕ್ಷೆ ನಡೆಯೋದು ಎರಡನೇ ವರ್ಷ. ಆ ವರ್ಷ ಎಲೆ ಹಸಿರಾಗಿ ಸೊಂಪಾಗಿ ಬೆಳೆಯುತ್ತದೆ, ಹೂ ಮಾತ್ರ ಇಲ್ಲ. ಅಷ್ಟರಲ್ಲಿ ಮೊದಲ ಹೂ ನೋಡಿ ಐನೂರು ಗಿಡಕ್ಕೆ ಮುಂಗಡ ಕೊಟ್ಟವನ ಬಡ್ಡಿ ಓಡ್ತಾ ಇರುತ್ತದೆ.

ಫ್ಯಾನು, ಒದ್ದೆ ಪ್ಯಾಡು ಹಾಕಿ ತಂಪು ಮಾಡಬಹುದು ಅನ್ನುವವರಿದ್ದಾರೆ. ಒದ್ದೆ ಪ್ಯಾಡು ತಂಪು ಕೊಡೋದು ಗಾಳಿ ಒಣಗಿದ್ದಾಗ. ನಮಗೆ ತಣುಪು ಬೇಕಿರೋದು ಮಳೆಗಾಲದ ರಾತ್ರಿಯಲ್ಲಿ. ಆಗ ಗಾಳಿಯೇ ತೇವವಾಗಿರುತ್ತದೆ, ಪ್ಯಾಡಿನಿಂದ ಹೆಚ್ಚು ಇಳಿಯೋದಿಲ್ಲ. ಮೇಲೆ ಕರೆಂಟು ನಂಬಿಕೊಂಡು ರಾತ್ರಿಯೆಲ್ಲ ಫ್ಯಾನು ತಿರುಗಿಸೋದು ನಮ್ಮ ಹಳ್ಳಿಗಳಲ್ಲಿ ಆಗುವ ಮಾತೇ?

ನೀರಿನದೂ ಹಾಗೇ. ಸಾವಿರ ಅಡಿ ದಾಟಿದ ಬೋರುಗಳ ನೀರಿನಲ್ಲಿ ಉಪ್ಪಿನಂಶ ಬಹಳ. ಆರ್ಕಿಡ್ ಬೇರು ಉಪ್ಪು ಸಹಿಸೋದಿಲ್ಲ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದರೆ ಬೇರಿನ ತುದಿ ಸುಟ್ಟಿದೆ ಅಂತಲೇ ತಿಳಿಯಬೇಕು. ಬೇರು ಕೆಟ್ಟ ಗಿಡ ಮೊಗ್ಗನ್ನು ಸಾಕಲಾರದು.

ಇಷ್ಟು ಹೇಳಿದ್ದು ಸಾಲ ಮಾಡಿ ಬೆಳೆಯುವವರಿಗೆ. ಆಸೆಪಟ್ಟು ನಾಲ್ಕು ಕುಂಡ ಇಟ್ಟುಕೊಂಡವರು ಬಂದ ಮೊಗ್ಗನ್ನಾದರೂ ಅರಳಿಸಿಕೊಳ್ಳಬಹುದು. ಮೊಗ್ಗು ಕಂಡ ಮೇಲೆ ಕುಂಡವನ್ನು ಅಲ್ಲಿಂದಿಲ್ಲಿಗೆ ಎತ್ತಾಡಬೇಡಿ. ಬೆಳಕಿನ ದಿಕ್ಕು ಬದಲಾದರೆ ದಂಡು ತಿರುಚಿಕೊಳ್ಳುತ್ತದೆ, ಗಾಳಿಯ ಹದ ಒಮ್ಮೆಲೇ ಬದಲಾದರೆ ಮೊಗ್ಗು ಉದುರುತ್ತದೆ. ಜಿಂಕ್ ಶೀಟಿನ ಕೆಳಗೆ ಇಡದೆ, ರಾತ್ರಿ ಬಯಲ ಗಾಳಿ ಆಡುವ ಕಡೆ ಇಡಿ. ಸಂಜೆ ಕುಂಡದ ಸುತ್ತಲ ನೆಲ ಒದ್ದೆ ಮಾಡಿ, ಆದರೆ ಮೊಗ್ಗಿನ ಮೇಲೆ ನೀರು ನಿಲ್ಲಬಾರದು, ಬೂಸ್ಟು ಹಿಡಿದು ಚುಕ್ಕೆ ಬೀಳುತ್ತದೆ. ಸೂರಿನ ಮಳೆನೀರು ಹಿಡಿದಿಟ್ಟು ಅದನ್ನೇ ಹಾಕಿ. ಕುಂಡ ಒಣಗಲೂ ಬಾರದು, ಕೆಸರಾಗಲೂ ಬಾರದು. ಮೆಣಸಿನ ಗಿಡಕ್ಕೆ ಬರುವ ಥ್ರಿಪ್ಸ್ ಇದರ ಮೊಗ್ಗಿಗೂ ಬರುತ್ತದೆ, ಆಗಾಗ ನೋಡುತ್ತಿರಬೇಕು.

ನಮ್ಮ ಜಿಲ್ಲೆಯವರು ನೆನಪಿಡಬೇಕಾದ ಇನ್ನೊಂದು ವಿಷಯ. ಮಾಗುವ ಮಾವಿನಹಣ್ಣು, ಟೊಮೆಟೊಗಳಿಂದ ಎಥಿಲಿನ್ ಎಂಬ ಅನಿಲ ಬರುತ್ತದೆ. ಅದೇ ಅನಿಲ ಹಣ್ಣನ್ನು ಮಾಗಿಸುತ್ತದೆ, ಅದೇ ಆರ್ಕಿಡ್ ಮೊಗ್ಗನ್ನು ಉದುರಿಸುತ್ತದೆ. ಒಲೆಯ ಹೊಗೆಯಲ್ಲೂ ಅದು ಇದೆ. ಮಾವು ಹಣ್ಣಿಗೆ ಹಾಕಿದ ಕೋಣೆ, ಟೊಮೆಟೊ ಕ್ರೇಟು ಜೋಡಿಸುವ ಜಾಗ, ಅಡುಗೆಮನೆ ಇವುಗಳಿಂದ ಕುಂಡ ದೂರ ಇರಲಿ. ಮೊಗ್ಗು ಅರಳಿಸುವ ಟಾನಿಕ್ ಅಂತ ಬಾಟಲಿ ತಂದರೆ ಹಣ ಕೊಡಬೇಡಿ. ತಣುಪನ್ನು ಬಾಟಲಿಯಲ್ಲಿ ತುಂಬಿ ಮಾರಲಿಕ್ಕೆ ಆಗೋದಿಲ್ಲ.

ಮಲೆನಾಡಿನ ಸೀತಾಳೆ ದಂಡೆಯೂ ಆರ್ಕಿಡ್ಡೇ. ಮುಂಗಾರಿನ ಹೊತ್ತಿಗೆ ಮರದ ಮೇಲೆ ಗೊಂಚಲು ಇಳಿಬಿಡುತ್ತದೆ. ಅದಕ್ಕೆ ಯಾರೂ ಫ್ಯಾನು ಕಟ್ಟಿಲ್ಲ, ಟಾನಿಕ್ ಹೊಡೆದಿಲ್ಲ. ಆ ಜಾಗ ಅದಕ್ಕೆ ಒಗ್ಗಿದೆ, ಅಷ್ಟೆ. ನಮ್ಮ ಜಾಗಕ್ಕೆ ಒಗ್ಗಿದ ಹೂಗಳೂ ಇವೆ: ಸೇವಂತಿಗೆ, ಕನಕಾಂಬರ, ಚೆಂಡು ಹೂ. ಇವುಗಳ ರೇಟು ಬೀಳುತ್ತದೆ, ನಿಜ. ಆದರೆ ರೇಟು ಬಿದ್ದ ವರ್ಷವೂ ಹೂ ಅರಳಿರುತ್ತದೆ.

ಯಾರಾದರೂ ಹೊಸ ಹೂವಿನ ಗಿಡ ಮಾರಲು ಬಂದರೆ ಎರಡು ಮಾತು ಕೇಳಿ. ಈ ತಾಲ್ಲೂಕಿನಲ್ಲೇ ಎರಡನೇ ವರ್ಷ, ಮೂರನೇ ವರ್ಷ ಹೂ ಬಿಟ್ಟ ಗಿಡ ಎಲ್ಲಿದೆ, ತೋರಿಸಿ. ಹೂ ಕೊಳ್ಳುವವರು ಯಾರು, ಅದನ್ನು ಬರೆದು ಕೊಡಿ. ಜೊತೆಗೆ ನಾವೂ ಒಂದು ಕೆಲಸ ಮಾಡಬೇಕು. ಊರಿನ ರೈತ ಸಂಘದವರು ಚಂದಾ ಎತ್ತಿ, ಕನಿಷ್ಠ ಗರಿಷ್ಠ ಎರಡನ್ನೂ ತೋರಿಸುವ ಒಂದು ಉಷ್ಣಮಾಪಕ ತಂದು ನೆರಳಲ್ಲಿ ನೇತುಹಾಕಲಿ. ಓದುವ ಮಕ್ಕಳ ಕೈಯಲ್ಲಿ ದಿನಾ ಬೆಳಗ್ಗೆ ಬರೆಸಿ. ಒಂದು ವರ್ಷದ ಆ ಪುಸ್ತಕ ಕೈಲಿದ್ದರೆ ಯಾವ ಗಿಡ ನಮ್ಮೂರಿಗೆ ಒಗ್ಗುತ್ತದೆ ಅನ್ನೋದನ್ನು ಮಾರುವವನ ಬಾಯಿಂದ ಕೇಳಬೇಕಾಗಿಲ್ಲ.