ತಂತಿಯನ್ನು ನಂಬದೆ ಫೈಲ್ ಕಳಿಸುವ ಕರ್ಮಿಟ್

ನೆಟ್‌ವರ್ಕ್ ಇಲ್ಲ, ಪೆನ್‌ಡ್ರೈವ್ ಸಿಕ್ಕಿಸಲು ಜಾಗವಿಲ್ಲ. ಎರಡು ಯಂತ್ರಗಳ ನಡುವೆ ಇರುವುದು ಒಂದು ಟರ್ಮಿನಲ್ ಲೈನ್ ಮಾತ್ರ. ಇಲ್ಲಿ ಟೈಪ್ ಮಾಡಿದ ಅಕ್ಷರ ಆ ಕಡೆ ಹೋಗುತ್ತದೆ, ಆ ಕಡೆಯ ಉತ್ತರ ಈ ಪರದೆಯ ಮೇಲೆ ಮೂಡುತ್ತದೆ, ಅಷ್ಟೆ. ಇಂಥ ಲೈನಿನಲ್ಲಿ ಒಂದು ಬಿಟ್ಟೂ ಆಚೀಚೆಯಾಗದಂತೆ ಫೈಲ್ ಸಾಗಿಸುವುದು ಹೇಗೆ? 1981ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ಫ್ರಾಂಕ್ ಡ ಕ್ರೂಝ್ ಮತ್ತು ಬಿಲ್ ಕ್ಯಾಚಿಂಗ್ಸ್ ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಕರ್ಮಿಟ್. ಹೆಸರು ಬಂದದ್ದು ಗೋಡೆಯ ಮೇಲಿದ್ದ ಮಪೆಟ್ ಗೊಂಬೆಗಳ ಕ್ಯಾಲೆಂಡರಿನ ಕಪ್ಪೆಯಿಂದ. ಅಂದಿನ ಆ ಉತ್ತರವನ್ನು ಇಂದಿಗೂ ತಿಳಿದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಬೇರೆಲ್ಲ ದಾರಿ ಮುಚ್ಚಿದ ಮೇಲೂ ಕೆಲಸಕ್ಕೆ ಬರುವುದು ಅದೇ.

ಆಗಿನ ಪರಿಸ್ಥಿತಿ ಹೀಗಿತ್ತು. ವಿದ್ಯಾರ್ಥಿಗಳೆಲ್ಲ ದೊಡ್ಡ ಕಂಪ್ಯೂಟರುಗಳ ಮೇಲೆ ಕೆಲಸ ಮಾಡುತ್ತಿದ್ದರು. ಅಲ್ಲಿ ಒಬ್ಬೊಬ್ಬರಿಗೆ ಸಿಗುತ್ತಿದ್ದ ಡಿಸ್ಕ್ ಜಾಗ ತೀರಾ ಕಡಿಮೆ. ಹೊಸದಾಗಿ ಬಂದಿದ್ದ ಮೈಕ್ರೊಕಂಪ್ಯೂಟರುಗಳಲ್ಲಿ ಫ್ಲಾಪಿ ಇತ್ತು, ಫ್ಲಾಪಿಯಲ್ಲಿ ತಮ್ಮ ಕೆಲಸವನ್ನು ತಾವೇ ಇಟ್ಟುಕೊಳ್ಳಬಹುದಿತ್ತು. ಆದರೆ ದೊಡ್ಡ ಯಂತ್ರದಿಂದ ಫ್ಲಾಪಿಗೆ ಫೈಲ್ ಇಳಿಸಲು ಇದ್ದ ದಾರಿ ಟರ್ಮಿನಲ್ ಲೈನ್ ಒಂದೇ. ಒಂದು ಕಡೆ ಡಿಇಸಿ ಕಂಪನಿಯ ಯಂತ್ರಗಳು, ಇನ್ನೊಂದು ಕಡೆ ಐಬಿಎಂ ಮೇನ್‌ಫ್ರೇಮ್. ಎರಡೂ ಅಕ್ಷರಗಳಿಗೆ ಬೇರೆ ಬೇರೆ ಸಂಕೇತ ಬಳಸುತ್ತಿದ್ದವು. ಐಬಿಎಂ ಲೈನಿನಲ್ಲಂತೂ ಒಮ್ಮೆಗೆ ಒಬ್ಬರೇ ಮಾತಾಡಬೇಕು, ಸರದಿ ಬರುವ ತನಕ ಇನ್ನೊಬ್ಬರು ಕಾಯಬೇಕು.

ಫೈಲನ್ನು ಪರದೆಯ ಮೇಲೆ ಸುರಿದು ಈ ಕಡೆ ಹಿಡಿದಿಟ್ಟುಕೊಂಡರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಾಲದು. ಗದ್ದಲಕ್ಕೆ ಒಂದು ಅಕ್ಷರ ಕೆಟ್ಟರೆ ತಿಳಿಯುವುದಿಲ್ಲ, ಪಡೆಯುವ ಯಂತ್ರ ಹಿಂದೆ ಬಿದ್ದರೆ ಸಾಲುಗಳೇ ಕಳೆದುಹೋಗುತ್ತವೆ. ಇವೆರಡಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಟರ್ಮಿನಲ್ ಲೈನಿನಲ್ಲಿ ಅಕ್ಷರವೂ ಆಜ್ಞೆಯೂ ಒಂದೇ ತಂತಿಯಲ್ಲಿ ಓಡಾಡುತ್ತವೆ. ಕಂಟ್ರೋಲ್ ಕೀ ಒತ್ತಿ ಎಸ್ ಹೊಡೆದರೆ ಹೋಗುವ 19 ಎಂಬ ಬೈಟ್ 'ನಿಲ್ಲಿಸು' ಎಂಬ ಆಜ್ಞೆ. ಫೈಲಿನೊಳಗೇ ಆ 19 ಇದ್ದರೆ? ದಾರಿಯಲ್ಲಿರುವ ಯಾವುದೋ ಸಾಧನ ಅದನ್ನು ಆಜ್ಞೆಯೆಂದೇ ತಿಳಿದು ನಿಂತುಬಿಡುತ್ತದೆ. ಜೊತೆಗೆ ಅಂದಿನ ಹಲವು ಲೈನುಗಳು ಬೈಟಿನ ಎಂಟನೆಯ ಬಿಟ್ಟನ್ನು ತಪ್ಪು ಪರೀಕ್ಷೆಗೆಂದು ಕಿತ್ತುಕೊಂಡು ಏಳನ್ನಷ್ಟೇ ಬಿಡುತ್ತಿದ್ದವು. ವಾರ್ಡ್ ಕ್ರಿಸ್ಟೆನ್‌ಸೆನ್ 1977ರಲ್ಲೇ ಬರೆದಿದ್ದ ಎಕ್ಸ್‌ಮೋಡೆಮ್ ಎಂಬ ಫೈಲ್ ಸಾಗಣೆ ವಿಧಾನ ಸರಳವೂ ಜನಪ್ರಿಯವೂ ಆಗಿತ್ತು. ಆದರೆ ಅದಕ್ಕೆ ಎಂಟೂ ಬಿಟ್ಟುಗಳು ಬೇಕು, ಯಾವ ಬೈಟನ್ನೂ ನುಂಗದ ತಂತಿ ಬೇಕು.

ಕೊಲಂಬಿಯಾದವರು ತಂತಿಯ ಬಗ್ಗೆ ಅಂಥ ಯಾವ ಭರವಸೆಯನ್ನೂ ಇಟ್ಟುಕೊಳ್ಳಲಿಲ್ಲ. ಮುದ್ರಿಸಬಹುದಾದ ಅಕ್ಷರಗಳು ಮಾತ್ರ ಎಲ್ಲ ಕಡೆ ಸುರಕ್ಷಿತವಾಗಿ ದಾಟುತ್ತವೆ ಎಂದು ಹಿಡಿದು, ಫೈಲನ್ನು ಪ್ಯಾಕೆಟ್ ಎಂಬ ಪುಟ್ಟ ತುಂಡುಗಳಾಗಿ ಕತ್ತರಿಸಿ, ಅವುಗಳಲ್ಲಿ ಬಹುತೇಕ ಎಲ್ಲವನ್ನೂ ಆ ಅಕ್ಷರಗಳಲ್ಲೇ ಬರೆದರು. ಆಸ್ಕಿ ಪಟ್ಟಿಯಲ್ಲಿ ಅವುಗಳ ಸಂಖ್ಯೆ 32ರಿಂದ 126ರವರೆಗೆ. ಹಾಗಾಗಿ ಪ್ಯಾಕೆಟ್ಟಿನ ಉದ್ದ, ಕ್ರಮಸಂಖ್ಯೆ ಮುಂತಾದ ಅಂಕಿಗಳಿಗೆ 32 ಕೂಡಿಸಿ ಕಳಿಸುತ್ತಾರೆ. ಮೊದಲ ವಿನ್ಯಾಸದಲ್ಲಿ ಪ್ಯಾಕೆಟ್ಟಿನ ಉದ್ದ 94ಕ್ಕೆ ನಿಂತದ್ದಕ್ಕೂ ಇದೇ ಕಾರಣ: 94ಕ್ಕೆ 32 ಕೂಡಿಸಿದರೆ 126, ಅಲ್ಲಿಗೆ ಪಟ್ಟಿ ಮುಗಿಯಿತು.

ಫೈಲಿನೊಳಗಿನ ಕಂಟ್ರೋಲ್ ಬೈಟುಗಳಿಗೂ ವೇಷ ಹಾಕಿಸುತ್ತಾರೆ. 19 ಬಂದರೆ ಅದಕ್ಕೆ 64 ಕೂಡಿಸಿ, 83 ಎಂಬ ಮಾಮೂಲಿ ಅಕ್ಷರವಾಗಿಸಿ, ಮುಂದೆ # ಗುರುತು ಹಚ್ಚುತ್ತಾರೆ. ಎಂಟನೆಯ ಬಿಟ್ ಇರುವ ಬೈಟಾದರೆ, ಲೈನು ಏಳೇ ಬಿಟ್ಟಿನದ್ದಾದಾಗ, ಆ ಬಿಟ್ಟನ್ನು ತೆಗೆದು ಮುಂದೆ & ಇಡುತ್ತಾರೆ. ನಮ್ಮ 'ಕ' ಅಕ್ಷರವನ್ನೇ ಇಂಥ ಲೈನಿಗೆ ಹತ್ತಿಸಿ ನೋಡಬಹುದು. ಇಂದಿನ ಯುಟಿಎಫ್-8ರಲ್ಲಿ ಅದು ಮೂರು ಬೈಟು: 224, 178, 149. ಮೊದಲನೆಯದರಲ್ಲಿ 128 ಕಳೆದರೆ 96; ಅದು & ಜೊತೆ ಎರಡು ಅಕ್ಷರವಾಗಿ ಹೋಗುತ್ತದೆ. ಎರಡನೆಯದು 50 ಆಗುತ್ತದೆ, ಅಂದರೆ 2 ಎಂಬ ಅಂಕಿ; ಅದೂ & ಸೇರಿ ಎರಡು. ಮೂರನೆಯದು ಕಳೆದ ಮೇಲೆ 21, ಅದು ಕಂಟ್ರೋಲ್ ಬೈಟು. ಆದ್ದರಿಂದ &, #, ಆಮೇಲೆ 85 ಸಂಖ್ಯೆಯ ಅಕ್ಷರ, ಒಟ್ಟು ಮೂರು. ಒಂದು 'ಕ' ದಾಟಲು ಏಳು ಅಕ್ಷರ ಬೇಕಾಯಿತು. ದುಬಾರಿ ನಿಜ, ಆದರೆ ಆ ತುದಿಯಲ್ಲಿ 'ಕ' ಅಚ್ಚುಕಟ್ಟಾಗಿ 'ಕ' ಆಗಿಯೇ ಇಳಿಯುತ್ತದೆ. ಇಂಥ ಪಠ್ಯಗಳ ಹೊರೆ ತಗ್ಗಿಸಲು ಮುಂದೆ ಲಾಕಿಂಗ್ ಶಿಫ್ಟ್ ಎಂಬ ಉಪಾಯವನ್ನೂ ಸೇರಿಸಿದರು. ಎಂಟನೆಯ ಬಿಟ್ಟಿನ ಅಕ್ಷರಗಳು ಸಾಲಾಗಿ ಬರುವಾಗ ಪ್ರತಿಯೊಂದಕ್ಕೂ & ಹಚ್ಚದೆ, ಆರಂಭಕ್ಕೊಂದು ಕೊನೆಗೊಂದು ಗುರುತು ಇಟ್ಟರೆ ಸಾಕು.

ಇನ್ನು ತಪ್ಪು ಹಿಡಿಯುವ ಬಗೆ. ಸರಿಯಾಗಿ ಕೇಳಿಸದ ಫೋನಿನಲ್ಲಿ ಬ್ಯಾಂಕ್ ಖಾತೆಯ ನಂಬರು ಹೇಳುವಾಗ ನಾಲ್ಕು ಅಂಕಿ ಹೇಳಿ, ಆ ಕಡೆಯವರು 'ಹೂಂ' ಅಂದ ಮೇಲಷ್ಟೇ ಮುಂದಿನ ನಾಲ್ಕಕ್ಕೆ ಹೋಗುತ್ತೇವಲ್ಲ, ಕರ್ಮಿಟ್ಟಿನದೂ ಅದೇ ಕ್ರಮ. ಪ್ರತಿ ಪ್ಯಾಕೆಟ್ಟಿನ ಕೊನೆಗೆ ಒಳಗಿನ ಬೈಟುಗಳನ್ನೆಲ್ಲ ಕೂಡಿ ತೆಗೆದ ಒಂದು ತಾಳೆ ಅಕ್ಷರ ಇರುತ್ತದೆ. ಪಡೆದವರು ತಾವೂ ಕೂಡಿ ನೋಡುತ್ತಾರೆ. ಹೊಂದಿದರೆ 'ಬಂತು' ಎಂಬ ಉತ್ತರ, ಹೊಂದದಿದ್ದರೆ 'ಮತ್ತೆ ಕಳಿಸು'. ಉತ್ತರವೇ ದಾರಿಯಲ್ಲಿ ಕಳೆದುಹೋದರೆ ಸ್ವಲ್ಪ ಹೊತ್ತು ಕಾದು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತಾರೆ. ಕ್ರಮಸಂಖ್ಯೆ ಇರುವುದರಿಂದ ಒಂದೇ ಪ್ಯಾಕೆಟ್ ಎರಡು ಸಲ ಬಂದರೂ ಫೈಲಿನಲ್ಲಿ ಎರಡು ಸಲ ಸೇರುವುದಿಲ್ಲ. ಸರದಿಯ ಮೇಲೆ ಮಾತಾಡುವ ಐಬಿಎಂ ಲೈನಿಗೂ ಈ ಪದ್ಧತಿ ಸಲೀಸಾಗಿ ಒಗ್ಗಿತು.

ಕರ್ಮಿಟ್ ನಿಧಾನ ಎಂಬ ದೂರು ಹಳೆಯದು. ಪುಟ್ಟ ಪ್ಯಾಕೆಟ್, ಪ್ರತಿ ಸಲ ಉತ್ತರಕ್ಕೆ ಕಾಯುವುದು, ಮೇಲೆ ಈ ವೇಷದ ಹೊರೆ. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ತಂದ ಝಡ್‌ಮೋಡೆಮ್ ಕಾಯದೆ ಸುರಿಯುತ್ತಾ ಹೋಗುತ್ತಿತ್ತು, ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಸುತ್ತಿತ್ತು. ಒಳ್ಳೆಯ ಲೈನಿನಲ್ಲಿ ಅದೇ ಮೇಲು, ಅದರಲ್ಲಿ ಅನುಮಾನವಿಲ್ಲ. ಕರ್ಮಿಟ್ ಕೂಡ ಸುಮ್ಮನೆ ಕೂರಲಿಲ್ಲ. ಒಂಬತ್ತು ಸಾವಿರ ಅಕ್ಷರ ಮುಟ್ಟುವ ಉದ್ದ ಪ್ಯಾಕೆಟ್ಟುಗಳು ಬಂದವು, ಉತ್ತರಕ್ಕೆ ಕಾಯದೆ 31 ಪ್ಯಾಕೆಟ್ಟುಗಳವರೆಗೆ ಮುಂದೆ ಹೋಗುವ ವಿಧಾನ ಬಂತು. ಮುಖ್ಯ ಸಂಗತಿಯೆಂದರೆ, ಎರಡೂ ತುದಿಗಳು ಮೊದಲ ಪ್ಯಾಕೆಟ್ಟಿನಲ್ಲೇ ತಮಗೆ ಏನೇನು ಗೊತ್ತು ಎಂದು ಹೇಳಿಕೊಳ್ಳುತ್ತವೆ. ಇಬ್ಬರಿಗೂ ಗೊತ್ತಿರುವುದನ್ನು ಮಾತ್ರ ಬಳಸುತ್ತವೆ. ಹೊಸ ಕರ್ಮಿಟ್ ಹಳೆಯ ಕರ್ಮಿಟ್ಟಿನ ಜೊತೆ ಇಂದಿಗೂ ಮಾತಾಡಬಲ್ಲದು. ಅತಿ ದುರ್ಬಲ ಯಂತ್ರವನ್ನೂ ಕೈಬಿಡದ ಈ ಧೋರಣೆ ವೇಗಕ್ಕಿಂತ ದೊಡ್ಡ ಗುಣ ಎಂದೇ ನಾನು ಭಾವಿಸುತ್ತೇನೆ. ನಿಯಮಗಳನ್ನೂ ಕೊಲಂಬಿಯಾದವರು ಮುಚ್ಚಿಡಲಿಲ್ಲ. 1984ರಲ್ಲಿ ಬೈಟ್ ಪತ್ರಿಕೆಯಲ್ಲಿ ವಿವರವಾಗಿ ಪ್ರಕಟಿಸಿದರು. ಅದನ್ನು ನೋಡಿಕೊಂಡು ಬೇರೆ ಬೇರೆ ಊರಿನವರು ತಮ್ಮ ತಮ್ಮ ಯಂತ್ರಗಳಿಗೆ ಕರ್ಮಿಟ್ ಬರೆದರು. 2011ರಲ್ಲಿ ಕೊಲಂಬಿಯಾ ಈ ಯೋಜನೆಯನ್ನು ನಿಲ್ಲಿಸಿದಾಗ ಸಿ-ಕರ್ಮಿಟ್ ಎಂಬ ತನ್ನ ತಂತ್ರಾಂಶವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು.

ಇವತ್ತು ಇದರ ಉಪಯೋಗ ಕಾಣಬೇಕಾದರೆ ಸತ್ತಂತೆ ಬಿದ್ದಿರುವ ಒಂದು ರೂಟರ್ ಬೋರ್ಡನ್ನು ನೋಡಬೇಕು. ತಂತ್ರಾಂಶ ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿ ಎಲ್ಲ ಕೆಟ್ಟಿದೆ, ಆದರೆ ಯಂತ್ರವನ್ನು ಮೊದಲು ಎಬ್ಬಿಸುವ ಯು-ಬೂಟ್ ಎಂಬ ಬೂಟ್‌ಲೋಡರ್ ಉಳಿದಿದೆ. ಬೋರ್ಡಿನ ಸೀರಿಯಲ್ ಪಿನ್ನುಗಳಿಗೆ ಮೂರು ತಂತಿ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸುತ್ತಾರೆ. ಸಿ-ಕರ್ಮಿಟ್ಟಿನಲ್ಲಿ 'ಸೆಟ್ ಲೈನ್' ಎಂದು ಪೋರ್ಟ್ ತಿಳಿಸಬೇಕು, 'ಸೆಟ್ ಸ್ಪೀಡ್' ಎಂದು ವೇಗ ಹೇಳಬೇಕು. ಮೋಡೆಮ್ ಇಲ್ಲದ್ದರಿಂದ ಕ್ಯಾರಿಯರ್ ಸಂಕೇತಕ್ಕೆ ಕಾಯಬೇಡ ಎಂದೂ ಹೇಳಬೇಕು. ಇದನ್ನು ಮರೆತರೆ ಸಂಪರ್ಕವೇ ಸಿಗದಿರಬಹುದು. 'ಕನೆಕ್ಟ್' ಕೊಟ್ಟರೆ ಬೋರ್ಡಿನ ಪರದೆ ಬರುತ್ತದೆ. ಅಲ್ಲಿ 'ಲೋಡ್‌ಬಿ' ಎಂದರೆ ಬೋರ್ಡು ಕರ್ಮಿಟ್ ಪ್ಯಾಕೆಟ್ಟುಗಳಿಗಾಗಿ ಕಾದು ಕೂರುತ್ತದೆ. ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಸಿ ಒತ್ತಿ ಲ್ಯಾಪ್‌ಟಾಪಿನ ಕರ್ಮಿಟ್ಟಿಗೆ ಮರಳಿ 'ಸೆಂಡ್' ಎಂದು ಫೈಲಿನ ಹೆಸರು ಕೊಡಬೇಕು.

ಎಷ್ಟು ಹೊತ್ತು ಬೇಕು? ಪ್ರತಿ ಬೈಟಿಗೆ ಶುರುವಿನದೊಂದು, ಕೊನೆಯದೊಂದು ಸೇರಿ ಹತ್ತು ಬಿಟ್ ಲೆಕ್ಕ. 9600 ವೇಗದಲ್ಲಿ ಸೆಕೆಂಡಿಗೆ 960 ಬೈಟು, 8 ಮೆಗಾಬೈಟಿಗೆ ಎರಡು ಗಂಟೆ ಇಪ್ಪತ್ತೈದು ನಿಮಿಷ. 115200ರಲ್ಲಿ ಹನ್ನೆರಡು ನಿಮಿಷ. ಎಲ್ಲ ಕಂಟ್ರೋಲ್ ಬೈಟುಗಳಿಗೂ # ಹಚ್ಚಿದರೆ, ಒತ್ತಿ ಕುಗ್ಗಿಸಿದ ಫೈಲು ಸುಮಾರು ಕಾಲು ಭಾಗ ಹಿಗ್ಗುತ್ತದೆ, ಹದಿನೈದು ನಿಮಿಷವೆಂದಿಟ್ಟುಕೊಳ್ಳಿ. ಪ್ಯಾಕೆಟ್ಟಿಗೆ ತಾಳೆ ಅಕ್ಷರ ಇದ್ದರೂ ಮೊದಲಿನ ಒಂದಕ್ಷರದ ಕೂಡಿಕೆ ಎಲ್ಲ ತಪ್ಪನ್ನೂ ಹಿಡಿಯಲಾರದು. ಹಾಗಾಗಿ ಫೈಲ್ ಇಳಿದ ಮೇಲೆ ಬೋರ್ಡಿನಲ್ಲೇ ಸಿಆರ್‌ಸಿ ಎಂಬ ಹೆಚ್ಚು ನಂಬಲರ್ಹ ತಾಳೆ ಸಂಖ್ಯೆ ತೆಗೆದು ಮೂಲ ಫೈಲಿನದರ ಜೊತೆ ತಾಳೆ ನೋಡಿ, ಎರಡೂ ಒಂದೇ ಆಗಿದ್ದರೆ ಮಾತ್ರ ಫ್ಲ್ಯಾಶ್ ಮೆಮೊರಿಗೆ ಬರೆಯಬೇಕು.