ನಂದಿಗಿಂತ ಗಿಡ್ಡ ಬೆಟ್ಟ

ಬ್ರೂಕ್‌ಫೀಲ್ಡ್‌ನ ನಮ್ಮ ನೆರೆಹೊರೆಯಲ್ಲಿ ಮಗನೋ ಮಗಳೋ ಪರದೇಶದಲ್ಲಿರದ ಮನೆ ಅಪರೂಪ. ರಜೆ ಬಂದಿತೆಂದರೆ ಅಲ್ಲಿಂದ ಬೆಟ್ಟದ ತುದಿಯ ಚಿತ್ರಗಳು ಬರುತ್ತವೆ. ಹೆತ್ತವರು ಕಂಡು ಹಿಗ್ಗುತ್ತಾರೆ. ನಾವೂ ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದು ಬಂದವರು. ಊರಿಗೆ ಚಿತ್ರ ಕಳುಹಿಸಲಾಗದ ಒಂದು ಚಾರಣದ ಸಂಗತಿಯನ್ನು ಈ ಸಲ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಆಗಸ್ಟ್ ತಿಂಗಳ ಕೊನೆಯ ಸೋಮವಾರ ಅಲ್ಲಿ ಸಾರ್ವಜನಿಕ ರಜೆ. ದಾವಣಗೆರೆ, ಹುಬ್ಬಳ್ಳಿ ಕಡೆಯ ಮಿತ್ರರ ಕುಟುಂಬಗಳೊಡನೆ ವೇಲ್ಸ್ ನಾಡಿನ ಸ್ನೋಡನ್ ಬೆಟ್ಟಕ್ಕೆ ಹೊರಟೆವು. ವೇಲ್ಸ್ ನುಡಿಯಲ್ಲಿ ಅದು ಅರ್ ವಿದ್ವ. ಅಲ್ಲಿಯ ರಾಷ್ಟ್ರೀಯ ಉದ್ಯಾನದವರು 2022ರಲ್ಲಿ ಆ ಹೆಸರನ್ನೇ ಬಳಸಲು ನಿರ್ಧರಿಸಿದರು. ಎತ್ತರ 1085 ಮೀಟರ್. "ನಮ್ಮ ನಂದಿಬೆಟ್ಟವೇ 1478 ಮೀಟರ್ ಇದೆ, ಇದೇನು ಮಹಾ!" ಎಂದು ಮಿತ್ರರೊಬ್ಬರು ನಕ್ಕರು. ನಾವೂ ನಕ್ಕೆವು. ಹತ್ತಿಯ ಅಂಗಿ, ಕ್ಯಾನ್ವಾಸ್ ಬೂಟು, ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ನಮ್ಮ ಸಿದ್ಧತೆ ಇಷ್ಟೇ.

ಬೆಂಗಳೂರು ತಾನೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಬ್ರೂಕ್‌ಫೀಲ್ಡ್‌ನಲ್ಲಿ ಮನೆಯ ಹೊಸ್ತಿಲು ದಾಟುವಾಗಲೇ ನಾವು ಅಷ್ಟು ಏರಿ ನಿಂತವರು. ನಂದಿಯ ಮೇಲಕ್ಕೆ ರಸ್ತೆಯೂ ಉಂಟು. ಸ್ನೋಡನ್ ಬುಡದ ಲಾನ್‌ಬೆರಿಸ್ ಊರಾದರೋ ಸುಮಾರು 100 ಮೀಟರ್ ಎತ್ತರದಲ್ಲಿದೆ. ಹೀಗಾಗಿ ಕಾಲಿನಿಂದಲೇ ಏರಬೇಕಾದುದು ಹೆಚ್ಚುಕಡಿಮೆ ಸಾವಿರ ಮೀಟರ್. ಹೋಗಿಬರುವ ದಾರಿ ಸುಮಾರು 14 ಕಿಲೋಮೀಟರ್. ಅಷ್ಟು ಏರಿದರೆ ಉಷ್ಣತೆ ಆರೇಳು ಡಿಗ್ರಿ ಇಳಿಯುತ್ತದೆ. ಗಾಳಿಯ ಪೆಟ್ಟು ಬೇರೆ. ಈ ಲೆಕ್ಕವನ್ನು ನಾವು ಮಾಡಿದುದು ಮನೆಗೆ ಮರಳಿದ ಮೇಲೆ!

ಅರ್ಧ ದಾರಿ ದಾಟುವಷ್ಟರಲ್ಲಿ ಮೋಡ ಕವಿಯಿತು. ಪಕ್ಕದಲ್ಲೇ ಸಾಗುವ, 1896ರಲ್ಲಿ ಆರಂಭವಾದ ಪುಟ್ಟ ರೈಲಿನ ಸದ್ದು ಕೇಳುತ್ತಿತ್ತೇ ಹೊರತು ರೈಲು ಕಾಣುತ್ತಿರಲಿಲ್ಲ. ನೆನೆದ ಅಂಗಿಯಲ್ಲಿ ನಮ್ಮ ಒಂಬತ್ತು ವರ್ಷದ ಮಗ ನಡುಗುತ್ತಿದ್ದ, ತುಟಿ ನೀಲಿಗಟ್ಟಿತ್ತು. ಮನೆಯವರು, "ಇನ್ನು ಒಂದು ಹೆಜ್ಜೆಯೂ ಬೇಡ" ಎಂದರು. "ಇಷ್ಟು ದೂರ ಬಂದು ಹಿಂದಿರುಗುವುದೇ?" ಎಂದರು ಮಿತ್ರರು. ಮಾತಿಗೆ ಮಾತು ಬೆಳೆಯಿತು. ಅವರಲ್ಲಿ ಮೂವರು ಮೇಲೆ ನಡೆದರು. ಉಳಿದವರು ಮಕ್ಕಳೊಡನೆ ಇಳಿದೆವು. ನಿಜ ಹೇಳಬೇಕೆಂದರೆ, ಇಳಿಯುವಾಗ ಮಗನ ಮೇಲಿನ ಕನಿಕರಕ್ಕಿಂತ ತುದಿ ತಪ್ಪಿದ ಬೇಸರವೇ ನಮಗೆ ಹೆಚ್ಚಾಗಿತ್ತು.

ಲಾನ್‌ಬೆರಿಸ್‌ನ ಚಹದಂಗಡಿಯಲ್ಲಿ ಮಗನ ಮೈ ಬೆಚ್ಚಗಾಯಿತು. ಮೂವರು ಬರುವ ಹೊತ್ತು ಮೀರಿತು, ಫೋನು ತಾಗಲಿಲ್ಲ. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವವರು ಸಂಬಳವಿಲ್ಲದ ಸ್ವಯಂಸೇವಕರೆಂದು ಅಂಗಡಿಯವರಿಂದ ತಿಳಿಯಿತು. ನಮ್ಮ ಹುಂಬತನಕ್ಕಾಗಿ ಯಾರದೋ ಮನೆಯ ರಜೆ ಕೆಡಬೇಕೇ? ಕರೆ ಮಾಡಲೋ ಬೇಡವೋ ಎಂಬ ಗೊಂದಲದಲ್ಲಿ ಎರಡು ಗಂಟೆ ಕಳೆಯಿತು. ಕೊನೆಗೆ ಮೂವರೂ ಬಂದರು. ಒಬ್ಬರು ಕುಂಟುತ್ತಿದ್ದರು. ತುದಿ ಮುಟ್ಟಿದಿರಾ ಎಂದು ಯಾರೂ ಕೇಳಲಿಲ್ಲ; ರೊಟ್ಟಿಯ ಗಂಟು ಬಿಚ್ಚಿದೆವು.

ಅಂದು ನಕ್ಕಿದ್ದ ಮಿತ್ರರು ಈ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬರಲಿದ್ದಾರೆ. ಶಿವಗಂಗೆ ಬೆಟ್ಟಕ್ಕೆ ಹೋಗೋಣವೆಂದು ಬರೆದಿದ್ದೆವು. "ಆಗಲಿ, ಬಸ್ಸು ಇಳಿಸುವಲ್ಲಿಂದ ತುದಿಗೆ ಏರು ಎಷ್ಟು?" ಎಂದು ಅವರ ಉತ್ತರ ಬಂದಿದೆ.