ಸಂಕ್ರಾಂತಿಗೆ ಏನು ಉಡಬೇಕು: ಆಕ್ಷೇಪಗಳಿಗೆ ಒಂದು ಉತ್ತರ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಈಗ ಸಂಕ್ರಾಂತಿ ಮನೆಯೊಳಗಿನ ಹಬ್ಬವಾಗಿ ಮಾತ್ರ ಉಳಿದಿಲ್ಲ. ಕಾಲೇಜಿನಲ್ಲಿ ಸುಗ್ಗಿ ಸಂಭ್ರಮ, ಕಚೇರಿಯಲ್ಲಿ ಎಳ್ಳು-ಬೆಲ್ಲದ ಕೂಟ, ಬಡಾವಣೆಯಲ್ಲಿ ರಾಶಿ ಪೂಜೆ, ಸಂಜೆಗೆ ಕಿಚ್ಚು ಹಾಯಿಸುವುದು. ಜನ ಒಂದೆಡೆ ಸೇರುತ್ತಿರುವುದು ಒಳ್ಳೆಯದೇ. ಆದರೆ ಆಹ್ವಾನದ ಬೆನ್ನಿಗೇ ಇನ್ನೊಂದು ಸಂದೇಶ ಬರುತ್ತದೆ: ಹೆಂಗಸರು ಇಂಥ ಬಣ್ಣದ ಸೀರೆ, ಗಂಡಸರು ಅದಕ್ಕೆ ಹೊಂದುವ ಜರಿ ಅಂಚಿನ ಪಂಚೆ-ಶಲ್ಯ, ಮಕ್ಕಳಿಗೆ ಲಂಗ-ದಾವಣಿ ಸೆಟ್. ಎಲ್ಲರೂ ಅಂಗಡಿಗೆ ಓಡುತ್ತಾರೆ. ಒಂದು ಸಂಜೆ ಉಟ್ಟ ಬಟ್ಟೆ ಬೀರುವಿನ ತಳ ಸೇರುತ್ತದೆ.

ನಮ್ಮ ಬಡಾವಣೆಯ ಸಿದ್ಧತಾ ಸಭೆಯಲ್ಲಿ ನಾನು ಒಂದು ಸಲಹೆ ಮುಂದಿಟ್ಟೆ. ಈ ಸಲ ಬಣ್ಣದ ಕಟ್ಟಳೆ ಬೇಡ. ಒಂದು ದಿನದ ಬಟ್ಟೆ ಯಾರೂ ಕೊಳ್ಳುವುದು ಬೇಡ. ಮನೆಯಲ್ಲಿರುವ ಹತ್ತಿ, ರೇಷ್ಮೆ, ಖಾದಿ ಯಾವುದಾದರೂ ಉಟ್ಟು ಬರೋಣ. ಕೊಳ್ಳಲೇಬೇಕೆಂದಿದ್ದರೆ ನಮ್ಮ ಸುತ್ತಿನ ಊರುಗಳಲ್ಲಿ ನೂಲಾಗಿ, ಮಗ್ಗದ ಮೇಲೆ ಬಟ್ಟೆಯಾದದ್ದನ್ನು ಕೊಳ್ಳೋಣ. ಇಷ್ಟಕ್ಕೇ ಹಲವು ಆಕ್ಷೇಪ ಬಂದವು. ಹೇಳಿದವರೆಲ್ಲ ನನ್ನ ನೆರೆಹೊರೆಯವರು, ನಾನು ಗೌರವಿಸುವವರು. ಅವರ ಮಾತಿಗೆ ಒಂದೊಂದಾಗಿ ಉತ್ತರ ಹೇಳುವುದು ನನ್ನ ಕರ್ತವ್ಯ.

ಮೊದಲ ಆಕ್ಷೇಪ: ಉಡುವುದು ಅವರವರ ಇಷ್ಟ, ಹೇಳಲು ನೀವ್ಯಾರು?

ಉಡುವುದು ಅವರವರ ಇಷ್ಟ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಬಟ್ಟೆ ನೋಡಿ ಮನುಷ್ಯನನ್ನು ಅಳೆದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ಬೆಂಗಳೂರಿನಲ್ಲಿ ಎರಡು ಸಲ ಕಂಡೆವು. ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆಯೆಂದು ಒಬ್ಬ ರೈತನನ್ನು ತಡೆದರು. ಸಹಪ್ರಯಾಣಿಕರು ಜಗಳವಾಡಿ ಒಳಗೆ ಕರೆದೊಯ್ದರು, ತಡೆದ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಜುಲೈನಲ್ಲಿ ಪಂಚೆ ಉಟ್ಟು ಮಗನ ಜೊತೆ ಸಿನಿಮಾಕ್ಕೆ ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಒಂದು ಮಾಲ್ ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲೇ ವಿಷಯ ಎದ್ದು, ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸಲು ತೀರ್ಮಾನಿಸಿತು. ಅಂದು ಪಂಚೆಯ ಪರ ನಿಂತವರು ನಾವು. ಇಂದು ಪಂಚೆ ಉಡದವನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅದೇ ತಪ್ಪು ಮಾಡಿದಂತೆ.

ಹಾಗಾಗಿ ನನ್ನದು ಸಲಹೆ ಮಾತ್ರ. ಇಷ್ಟವನ್ನು ಕಟ್ಟಿಹಾಕಿರುವುದು ಈಗಿರುವ ಬಣ್ಣದ ಕಟ್ಟಳೆಯೇ. ಆ ಬಣ್ಣದ ಸೀರೆ ಇಲ್ಲದವರು ತಲೆನೋವಿನ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಾರೆ. ಅಂಥವರು ನಮ್ಮ ಬೀದಿಯಲ್ಲೇ ಇದ್ದಾರೆ.

ಎರಡನೆಯದು: ಕೈಮಗ್ಗದ ಬಟ್ಟೆ ದುಬಾರಿ, ಬಡವರು ಎಲ್ಲಿಂದ ತರಬೇಕು?

ನನ್ನ ಸಲಹೆಯ ಮೊದಲ ಮಾತೇ ಕೊಳ್ಳಬೇಡಿ ಎಂಬುದು. ನಮ್ಮ ಕಡೆ ಯಾವ ಮನೆಯ ಟ್ರಂಕಿನಲ್ಲೂ ಅವ್ವನ ಒಂದು ಹತ್ತಿ ಸೀರೆ, ಅಪ್ಪನ ಮದುವೆಯ ಪಂಚೆ ಇದ್ದೇ ಇರುತ್ತದೆ. ಹಿಂದೆ ಹೆಣ್ಣುಮಕ್ಕಳ ರೇಷ್ಮೆ ಲಂಗದ ಅಂಚಿಗೆ ದರ್ಜಿಯವರು ಒಳಗಡೆ ಎರಡು ಮೂರು ಮಡಿಕೆ ಹಿಡಿದು ಹೊಲಿಯುತ್ತಿದ್ದರು. ಹುಡುಗಿ ಎತ್ತರವಾದಂತೆ ಸಂಕ್ರಾಂತಿಗೊಂದು ಮಡಿಕೆ ಬಿಚ್ಚುತ್ತಿದ್ದರು. ಬಿಚ್ಚಿದ ಜಾಗದಲ್ಲಿ ಬಣ್ಣ ಸ್ವಲ್ಪ ಗಾಢವಾಗಿ ಒಂದು ಪಟ್ಟೆ ಕಾಣುತ್ತಿತ್ತು, ಯಾರೂ ನಾಚುತ್ತಿರಲಿಲ್ಲ. ಅಕ್ಕ ಉಟ್ಟ ಲಂಗವನ್ನೇ ತಂಗಿಯೂ ಉಟ್ಟು ಎಳ್ಳು ಬೀರಿದಳು. ಬಡತನದಲ್ಲಿ ಹಬ್ಬ ಮಾಡಿದ ಜನ ಕಂಡುಕೊಂಡ ದಾರಿ ಇದು.

ಕೊಳ್ಳುವವರಿಗೂ ಒಂದು ಲೆಕ್ಕ. ಸೊಂಟಕ್ಕೆ ಅಂಟಿಸುವ ಪಾಲಿಯೆಸ್ಟರ್ ಪಂಚೆ ಅಗ್ಗವಾಗಿ ಸಿಗುತ್ತದೆ, ನಿಜ. ಬೇಸಿಗೆಯಲ್ಲಿ ಅದನ್ನು ಉಡಲಾಗುವುದಿಲ್ಲ, ಮೈ ಬೇಯುತ್ತದೆ. ಹತ್ತಿಯ ಪಂಚೆಗೆ ಕೊಟ್ಟ ಹಣಕ್ಕೆ ಹಬ್ಬವೂ ಆಗುತ್ತದೆ, ಮದುವೆಯೂ ಆಗುತ್ತದೆ, ಹಳತಾದ ಮೇಲೆ ಮನೆಬಳಕೆಗೂ ಬರುತ್ತದೆ. ದುಬಾರಿ ಯಾವುದು ಎಂಬುದು ಅಂಗಡಿಯ ಬಿಲ್ಲಿನಲ್ಲಿ ತೀರ್ಮಾನವಾಗುವುದಿಲ್ಲ, ಎಷ್ಟು ಸಲ ಉಟ್ಟೆವು ಎಂಬುದರಲ್ಲಿ ಆಗುತ್ತದೆ.

ಮೂರನೆಯದು: "ಕಾಟನ್ನು ಮುದುರ್ಕತದೆ ಕಣಕ್ಕ, ಫೋಟೊಗೆ ಚೆಂದಾಗಿ ಬರಕ್ಕಿಲ್ಲ"

ಇದನ್ನು ಹೇಳಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಯಾಕೆಂದರೆ ಹಬ್ಬದ ದಿನ ಚೆಂದ ಕಾಣಬೇಕೆನ್ನುವುದು ನ್ಯಾಯವಾದ ಆಸೆ. ಹತ್ತಿ ಸೀರೆ ಮುದುರುವುದು ಗಂಜಿ ಇಲ್ಲದಾಗ. ಅನ್ನದ ಗಂಜಿಯನ್ನು ತೆಳ್ಳಗೆ ನೀರು ಬೆರೆಸಿ ಬಟ್ಟೆಯಲ್ಲಿ ಸೋಸಬೇಕು. ಅಗುಳು ಉಳಿದರೆ ಸೀರೆ ಮೇಲೆ ಬಿಳಿ ಕಲೆ ಕೂರುತ್ತದೆ. ಒಗೆದ ಸೀರೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಕೊಡವಿ, ನೆರಳಲ್ಲಿ ಎಳೆದು ಹರಡಬೇಕು. ಪೂರ್ತಿ ಒಣಗುವ ಮುಂಚೆ, ಕೈಗೆ ತಣ್ಣಗೆ ಹತ್ತುವಾಗಲೇ ಇಸ್ತ್ರಿ ಹಾಕಿದರೆ ನೆರಿಗೆ ಹಿಡಿದ ಕಡೆ ಹಿಡಿದಂತೆ ನಿಲ್ಲುತ್ತದೆ. ಸಂಜೆಯವರೆಗೆ ಆ ನೆರಿಗೆ ಕದಲುವುದಿಲ್ಲ. ಇದು ನಮ್ಮ ಅವ್ವಂದಿರಿಗೆಲ್ಲ ಗೊತ್ತಿದ್ದ ಕೆಲಸ. ಒಮ್ಮೆ ಮಾಡಿ ನೋಡಿ, ಆಮೇಲೆ ಫೋಟೊ ತೆಗೆಸಿಕೊಳ್ಳಿ.

ನಾಲ್ಕನೆಯದು: ಚಳಿಗಾಲದಲ್ಲಿ ಹತ್ತಿ ಸಾಲದು

ಜನವರಿಯಲ್ಲಿ ನಮ್ಮ ಕಡೆ ಬೆಳಗಿನ ಜಾವ 15–16 ಡಿಗ್ರಿಗೆ ಇಳಿಯುತ್ತದೆ, ಮಧ್ಯಾಹ್ನ 28ರ ಹತ್ತಿರ ಏರುತ್ತದೆ. ಕೂಟ ನಡೆಯುವುದು ಸಂಜೆ. ಹತ್ತಿಯ ಮೇಲೊಂದು ಶಾಲು ಸಾಕು. ನಾಲೆಯ ನೀರು ಕಟ್ಟಲು ರಾತ್ರಿ ಗದ್ದೆಗೆ ಹೋಗುವವರು ಕರಿಕಂಬಳಿ ಹೊದ್ದೇ ಹೋದವರು. ಅದು ಇದ್ದರೆ ಅದನ್ನೇ ಹೊದ್ದು ಬನ್ನಿ, ಕೂಟಕ್ಕೆ ಶೋಭೆ.

ಐದನೆಯದು: ಬಟ್ಟೆ ಯಾವುದಾದರೇನು, ಹಬ್ಬ ಮುಖ್ಯ

ಬೇರೆ ಹಬ್ಬಗಳಲ್ಲಿ ಈ ಮಾತು ನಡೆದೀತು. ಕಿಚ್ಚು ಹಾಯಿಸುವ ಹಬ್ಬದಲ್ಲಿ ನಡೆಯುವುದಿಲ್ಲ. ಮೈತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಹೂ ಮುಡಿಸಿದ ಎತ್ತು-ಹಸುಗಳನ್ನು ರಸ್ತೆಗಡ್ಡ ಹರಡಿದ ಹುಲ್ಲಿನ ಬೆಂಕಿಯ ಮೇಲೆ ಹಾರಿಸುತ್ತೇವೆ. ಹಗ್ಗ ಹಿಡಿದ ಹುಡುಗರು ಜೊತೆಗೇ ಹಾರುತ್ತಾರೆ. ಎರಡೂ ಬದಿ ಮಕ್ಕಳು, ಹೆಂಗಸರು ಒತ್ತಾಗಿ ನಿಂತಿರುತ್ತಾರೆ. ಒಣಹುಲ್ಲಿನ ಕಿಡಿ ಗಾಳಿ ಬಂದ ಕಡೆ ಹಾರುತ್ತದೆ.

ಪಾಲಿಯೆಸ್ಟರ್, ನೈಲಾನ್ ಬೆಂಕಿಗೆ ಕರಗುತ್ತವೆ. ಕರಗಿದ್ದು ಚರ್ಮಕ್ಕೆ ಅಂಟಿ, ಸುಟ್ಟ ಗಾಯವನ್ನು ಆಳ ಮಾಡುತ್ತದೆ. ಅನುಮಾನವಿದ್ದರೆ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ ಗುಂಡು. ಪಾಲಿಯೆಸ್ಟರ್ ಆದರೆ ಕಪ್ಪು ಹೊಗೆ ಬಂದು, ಎಳೆ ಸುರುಟಿ, ಪುಡಿಯಾಗದ ಗಟ್ಟಿ ಮಣಿ ಉಳಿಯುತ್ತದೆ. ಆ ಮಣಿ ಮಗುವಿನ ಕಾಲಿನ ಮೇಲೆ ಆಗಬಾರದು ಎಂಬುದೇ ನನ್ನ ಕಾಳಜಿ.

ಹತ್ತಿಗೆ ಬೆಂಕಿ ಹತ್ತುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹತ್ತುತ್ತದೆ, ಬೇಗನೇ ಹತ್ತುತ್ತದೆ. ಆದ್ದರಿಂದ ಕಿಚ್ಚಿನ ಬಳಿ ನಿಲ್ಲುವವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಬೇಕು, ಎತ್ತು ಹಿಡಿಯುವವರು ಪಂಚೆಯನ್ನು ಎತ್ತಿ ಕಟ್ಟಬೇಕು, ಜೋಲಾಡುವ ನೆಟ್ಟಿನ ಲಂಗದ ಮಕ್ಕಳನ್ನು ಹಿಂದೆ ನಿಲ್ಲಿಸಬೇಕು. ಪಕ್ಕದಲ್ಲಿ ನೀರು ತುಂಬಿದ ಬಿಂದಿಗೆ, ಒಂದು ಉಣ್ಣೆಯ ಕಂಬಳಿ ಇರಬೇಕು. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು, ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆರನೆಯದು: "ನಮ್ಮ ಉಡುಪು" ಅನ್ನುವುದು ಯಾರ ಉಡುಪು?

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು. ಒಬ್ಬ ತರುಣ ಕೇಳಿದ: "ಸುಗ್ಗಿಯ ಹೆಸರಲ್ಲಿ ಹಳೇ ಕಾಲದ ವೇಷ ಹಾಕಿಸ್ತೀರಿ. ಆ ಕಾಲದಲ್ಲಿ ನಮ್ಮ ತಾತ ಮೊಣಕಾಲಿನಿಂದ ಕೆಳಗೆ ಪಂಚೆ ಬಿಡೋ ಹಾಗಿರಲಿಲ್ಲ. ಬಾಬಾಸಾಹೇಬರು ಸೂಟು ಹಾಕಿದ್ದು ಯಾಕೆ ಅಂತ ಗೊತ್ತಲ್ಲ?"

ಗೊತ್ತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಅವರು ಹೆಣ್ಣುಮಕ್ಕಳಿಗೆ, ಜಾತಿಯ ಗುರುತಾಗಿ ಹೇರಿದ ಉಡುಗೆ-ಒಡವೆ ಬಿಡಿ, ಉಳಿದವರು ಉಡುವ ಹಾಗೆಯೇ ಸೀರೆ ಉಡಿ ಎಂದು ಕರೆ ಕೊಟ್ಟರು. ಬಟ್ಟೆಯಲ್ಲಿ ಮಾನ ಇದೆ ಎಂಬುದನ್ನು ಈ ನಾಡಿಗೆ ಅವರಷ್ಟು ಸ್ಪಷ್ಟವಾಗಿ ಹೇಳಿದವರು ವಿರಳ. ಈ ತರುಣನ ಮಾತಿನಿಂದ ನನ್ನ ಸಲಹೆ ಇನ್ನಷ್ಟು ನಿಖರವಾಯಿತು. ಹಳೇ ಕಾಲದ ವೇಷ ಯಾರಿಗೂ ಬೇಡ. ಮಾಟ ಯಾವುದಾದರೂ ಇರಲಿ: ಪ್ಯಾಂಟು, ಕೋಟು, ಜುಬ್ಬಾ, ಚೂಡಿದಾರ್. ನಾನು ಕೇಳುತ್ತಿರುವುದು ಅದರ ನೂಲನ್ನು ಮಾತ್ರ. ಖಾದಿಯ ಕೋಟು ತೊಟ್ಟು ಬರುವ ತರುಣ ನನ್ನ ಮಾತನ್ನು ಪೂರ್ತಿ ನಡೆಸಿದಂತೆ. ಹೆಗಲಿಗೆ ನೇಗಿಲು, ತಲೆಗೆ ಮಾಸಿದ ಟವೆಲು ಕಟ್ಟಿ ರೈತನ ಪಾತ್ರ ಮಾಡುವುದು ಬಿಡೋಣ ಎಂಬುದನ್ನೂ ಅವನ ಜೊತೆ ನಿಂತು ಹೇಳುತ್ತೇನೆ. ರೈತರು ನಮ್ಮ ನಡುವೆಯೇ ಇದ್ದಾರೆ.

ಇದೇ ಆಕ್ಷೇಪದ ಇನ್ನೊಂದು ಮುಖ: ಇದು ಒಂದೇ ಧರ್ಮದವರ ಬಟ್ಟೆ ಅಲ್ಲವೇ? ಒಂದು ರೇಷ್ಮೆ ಸೀರೆ ನಡೆದ ದಾರಿ ನೋಡೋಣ. ಮಳವಳ್ಳಿ ಸೀಮೆಯ ಹೊಲದಲ್ಲಿ ಹಿಪ್ಪುನೇರಳೆ ಸೊಪ್ಪು. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ಮನೆಯ ಹೆಂಗಸರು. ಗೂಡು ರಾಮನಗರದ ಮಾರುಕಟ್ಟೆಗೆ. ಅಲ್ಲಿ ಬಿಸಿನೀರಿನಲ್ಲಿ ಕೈ ಅದ್ದಿ ನೂಲು ಬಿಚ್ಚುವವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಆ ಮೇಲೆ ಹುರಿ ಮಾಡುವವರು, ಬಣ್ಣ ಹಾಕುವವರು, ನೇಕಾರರು. ಹಬ್ಬದ ಸೀರೆಯೊಂದು ಇಷ್ಟು ಜಾತಿ-ಧರ್ಮದ ಕೈ ದಾಟಿ ಬಂದಿರುವಾಗ ಅದನ್ನು ಒಬ್ಬರದೆಂದು ಹೇಳುವುದು ಹೇಗೆ? ಹುಳು ಸಾಯುತ್ತದೆಂದು ರೇಷ್ಮೆ ಬೇಡ ಎನ್ನುವವರಿಗೆ ಹತ್ತಿ ಇದೆ. ಆ ಮನಸ್ಸಿಗೂ ನನ್ನ ಗೌರವವಿದೆ.

ಏಳನೆಯದು: ನಾಲ್ಕು ಜನ ಉಟ್ಟರೆ ನೇಕಾರರು ಉಳಿಯುತ್ತಾರೆಯೇ?

ನಾಲ್ಕು ಜನರಿಂದ ಉಳಿಯುವುದಿಲ್ಲ. 2009–10ರ ರಾಷ್ಟ್ರೀಯ ಕೈಮಗ್ಗ ಗಣತಿಯಲ್ಲಿ 43 ಲಕ್ಷದಷ್ಟಿದ್ದ ಕೈಮಗ್ಗ ದುಡಿಮೆಗಾರರು 2019–20ರ ಗಣತಿಗೆ 35 ಲಕ್ಷಕ್ಕೆ ಇಳಿದರು. ಇದು ಸರ್ಕಾರದ ನೀತಿಯಿಂದಲೇ ತಿರುಗಬೇಕಾದ ಚಕ್ರ. ಆದರೆ ಕೊಳ್ಳುವವರಿಲ್ಲದ ಬಟ್ಟೆಯನ್ನು ಯಾವ ನೀತಿಯೂ ಉಳಿಸಲಾರದು. ನಮ್ಮ ಜಿಲ್ಲೆಯಲ್ಲೇ ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿ ಸೀರೆಯ ಮಗ್ಗಗಳಿವೆ. ಮೇಲುಕೋಟೆ ಪಂಚೆಗೆ ಹೆಸರಾದ ಊರು. ಅಲ್ಲೇ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿಯನ್ನು ಹಿಡಿದು ಬಂದಿದೆ. ಇವೆಲ್ಲ ಬಸ್ಸು ಹತ್ತಿದರೆ ಸಿಗುವ ಊರುಗಳು. ಅಂಗಡಿಯಲ್ಲಿ ಕೊಳ್ಳುವವರು ಹ್ಯಾಂಡ್‌ಲೂಮ್ ಮಾರ್ಕ್, ಸಿಲ್ಕ್ ಮಾರ್ಕ್ ಚೀಟಿ ಕೇಳಿ ನೋಡಬಹುದು.

ಬಟ್ಟೆಯ ಆಯ್ಕೆಯಿಂದ ಏನೂ ಆಗದು ಎನ್ನುವವರು ಮದ್ದೂರಿನ ಮಗ್ಗುಲಲ್ಲೇ ಇರುವ ಶಿವಪುರವನ್ನು ನೆನೆಯಲಿ. 1938ರ ಏಪ್ರಿಲಿನಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳ್ತನದಲ್ಲಿ ನಿಷೇಧಾಜ್ಞೆ ಮುರಿದು ಬಾವುಟ ಹಾರಿಸಿದ ಹಳ್ಳಿಗಾಡಿನ ಜನರ ಚಳವಳಿಗೆ ಖಾದಿ ಒಂದು ಗುರುತಾಗಿತ್ತು. ಒಬ್ಬೊಬ್ಬರು ಮನೆಯಲ್ಲಿ ಮಾಡಿದ ಆಯ್ಕೆಯೇ ಅಂದು ಊರಿನ ಆಯ್ಕೆಯಾಯಿತು.

ಕೂಟದ ಹಿರಿಯರಲ್ಲಿ, ಕಾಲೇಜಿನ ಅಧ್ಯಾಪಕರಲ್ಲಿ, ಕಚೇರಿಯ ಗೆಳೆಯರಲ್ಲಿ ನನ್ನ ಮನವಿ ಇಷ್ಟು. ಈ ಸಂಕ್ರಾಂತಿಯ ಆಹ್ವಾನದಿಂದ ಬಣ್ಣದ ಕಟ್ಟಳೆ ತೆಗೆಯಿರಿ. ಅದರ ಜಾಗದಲ್ಲಿ ಒಂದೇ ಸಾಲು ಬರೆಯಿರಿ: "ಮನೆಯಲ್ಲಿರುವ ಹತ್ತಿ, ರೇಷ್ಮೆ, ಖಾದಿ ಉಟ್ಟು ಬನ್ನಿ; ಇಲ್ಲದಿದ್ದರೆ ಇದ್ದದ್ದನ್ನು ಉಟ್ಟು ಬನ್ನಿ; ಬರುವುದನ್ನು ಮಾತ್ರ ತಪ್ಪಿಸಬೇಡಿ." ಬಟ್ಟೆಯ ಕಾರಣಕ್ಕೆ ನಮ್ಮ ಬೀದಿಯ ಒಬ್ಬರೂ ಮನೆಯಲ್ಲಿ ಉಳಿಯಬಾರದು.